ಬಂದೂಕು ಹಿಡಿಯಲಾರೆನೆಂದವನಿಗೆ ಊರಿನ ಆಸರೆ ಉಂಟೇ?

ಹರಿಹರದ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೆ ಬರುವ ಭಕ್ತಾದಿಗಳಲ್ಲಿ ಸೈನಿಕರ ತಾಯಂದಿರನ್ನು ಗುರುತಿಸುವುದು ಕಷ್ಟವೇನಲ್ಲ. ಅವರು ಮೇಣದ ಬತ್ತಿಯನ್ನು ಹಚ್ಚಿದ ಕೂಡಲೆ ಹೊರಡುವುದಿಲ್ಲ. ಅದು ಅರ್ಧದಷ್ಟಾದರೂ ಉರಿದು ಮುಗಿಯುವವರೆಗೆ ನಿಂತು ನೋಡುತ್ತಾರೆ. 2025ರ ಮೇ ತಿಂಗಳಲ್ಲಿ ಗಡಿಯಾಚೆ ಈಚೆ ಗುಂಡು, ಡ್ರೋನುಗಳ ಸದ್ದು ಮೊಳಗಿದ ಆ ದಿನಗಳಲ್ಲಿ ಅಂತಹ ತಾಯಿಯೊಬ್ಬರು ನಮ್ಮನ್ನು ಅಲ್ಲಿಯೇ, ದೇವಾಲಯದ ಹೊರಗಿನ ನೆರಳಿನಲ್ಲಿ ನಿಲ್ಲಿಸಿ ಮಾತನಾಡಿಸಿದರು. ಅವರು ದಾವಣಗೆರೆಯವರು. ಮಗ ನಾಲ್ಕು ವರ್ಷಗಳ ಅಗ್ನಿವೀರ ಸೇವೆಗೆ ಸೇರಿದ್ದಾನೆ. ಹೆಸರು, ದಳ, ಠಾಣೆ ಯಾವುದೂ ಇಲ್ಲಿ ಬೇಡ. ಮಗ ದೂರವಾಣಿಯಲ್ಲಿ ತಾಯಿಗೆ ಹೇಳಿದ್ದು ಇಷ್ಟು: ಓಡುವುದು, ಹೊರುವುದು, ಕಾಯುವುದು ಎಲ್ಲವನ್ನೂ ಮಾಡುತ್ತೇನೆ, ಆದರೆ ಎದುರಿಗಿರುವ ಮನುಷ್ಯನ ಮೇಲೆ ಗುರಿಯಿಟ್ಟು ಹೊಡೆಯೆಂದರೆ ಕೈ ಏಳುವುದೋ ಇಲ್ಲವೋ ತಿಳಿಯದು.

ಆ ತಾಯಿ ನಮ್ಮನ್ನು ಕೇಳಿದ ಪ್ರಶ್ನೆ ನೇರವಾಗಿತ್ತು. ಯಾವುದೋ ದೇಶದಲ್ಲಿ ಯುದ್ಧ ಬೇಡವೆಂದ ಸೈನಿಕರಿಗೆ ಊರಿನ ಪುರಸಭೆಯೇ ರಕ್ಷಣೆ ಕೊಟ್ಟಿತಂತೆ, ನಿಜವೇ? ನಿಜವಾದರೆ ನಮ್ಮ ಮಹಾನಗರ ಪಾಲಿಕೆ, ನಮ್ಮ ಹರಿಹರದ ನಗರಸಭೆ ಅಂತಹ ರಕ್ಷಣೆ ಕೊಡಬಲ್ಲವೇ?

ಅಂದು ನಾವು ಅರೆಬರೆ ಉತ್ತರ ಕೊಟ್ಟು ಬಂದೆವು. ಈ ಅಂಕಣದಲ್ಲಿ ಆ ಸಾಲವನ್ನು ತೀರಿಸಲು ಯತ್ನಿಸುತ್ತೇವೆ. ಸೇನೆಯಲ್ಲಿ ದುಡಿದ, ದುಡಿಯುತ್ತಿರುವ ಅನೇಕರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಅವರ ಸೇವೆಯನ್ನು ಹಗುರ ಮಾಡುವ ಉದ್ದೇಶ ನಮ್ಮದಲ್ಲವೆಂಬುದನ್ನು ಅವರು ಬಲ್ಲರು.

ಆ ತಾಯಿ ಕೇಳಿದ್ದ ಸುದ್ದಿ ನಿಜವೇ. ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬರ್ಕ್ಲಿ ಎಂಬ ನಗರವಿದೆ. 1971ರ ನವೆಂಬರಿನಲ್ಲಿ, ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ, 'ಕೋರಲ್ ಸೀ' ಎಂಬ ವಿಮಾನವಾಹಕ ನೌಕೆ ಸಮೀಪದ ಬಂದರಿನಿಂದ ಏಷ್ಯಾದತ್ತ ಹೊರಡುವುದರಲ್ಲಿತ್ತು. ಅದರ ನಾವಿಕರಲ್ಲಿ ಅನೇಕರಿಗೆ ಆ ಯುದ್ಧ ಬೇಡವಾಗಿತ್ತು. ಬರ್ಕ್ಲಿಯ ಲೂಥರನ್ ಪಂಥದ ಒಂದು ಚಿಕ್ಕ ದೇವಾಲಯ ಅವರಿಗೆ ಬಾಗಿಲು ತೆರೆಯಿತು. ಅದರ ಬೆನ್ನಿಗೇ ನಗರಸಭೆಯೂ ನಿರ್ಣಯವೊಂದನ್ನು ಅಂಗೀಕರಿಸಿತು: ಆಶ್ರಯ ನೀಡಿರುವ ಸ್ಥಳಗಳಲ್ಲಿ ಇಂತಹ ಸೈನಿಕರ ಶೋಧನೆಗಾಗಲಿ, ಬಂಧನಕ್ಕಾಗಲಿ ನಗರದ ಯಾವ ನೌಕರನೂ ನೆರವಾಗಕೂಡದು. ಇದು ಬಹಳ ಸಣ್ಣ ಮಾತೆಂದು ಕಾಣಬಹುದು. ಕೇಂದ್ರದ ಅಧಿಕಾರಿಗಳು ತಾವಾಗಿ ಬಂದು ಹಿಡಿಯುವುದನ್ನು ಆ ನಿರ್ಣಯ ತಡೆಯಲಾರದು. ನಮ್ಮ ಪೊಲೀಸರು ನಿಮ್ಮ ಜೊತೆ ಬರುವುದಿಲ್ಲ ಎಂದಷ್ಟೇ ಅದು ಹೇಳಿತು. ನೌಕೆ ಆ ತಿಂಗಳೇ ಹೊರಟುಹೋಯಿತು. ಅದಕ್ಕಿಂತ ಹೆಚ್ಚಿನ ಬಲ ಒಂದು ನಗರಸಭೆಗೆ ಅಲ್ಲಿಯೂ ಇರಲಿಲ್ಲ.

ಆದರೆ ಬರ್ಕ್ಲಿಗಿಂತ ನೂರಾ ಅರವತ್ತು ವರ್ಷ ಮೊದಲು, ಇದಕ್ಕಿಂತ ಎಷ್ಟೋ ಪಾಲು ಗಾಢವಾದ ಘಟನೆಯೊಂದು ನಮ್ಮದೇ ಧರ್ಮಸಭೆಯ ಚರಿತ್ರೆಯಲ್ಲಿ ನಡೆದಿದೆ. ಅದು ನಮ್ಮ ಮನೆಮನೆಯಲ್ಲಿ ಪರಿಚಿತರಾದ ಸಂತರೊಬ್ಬರ ಬದುಕಿನಲ್ಲಿ ನಡೆದದ್ದು. ಪ್ರತಿವರ್ಷ ಆಗಸ್ಟ್ 4ರಂದು ನಾವು ನಮ್ಮ ಧರ್ಮಕೇಂದ್ರದ ಗುರುಗಳಿಗೆ ಹೂವು ಕೊಟ್ಟು, ಸಂತ ಜಾನ್ ಮರಿಯ ವಿಯಾನ್ನಿಯವರ ಹಬ್ಬವನ್ನು ಆಚರಿಸುತ್ತೇವೆ. ಆರ್ಸ್ ಎಂಬ ಹಳ್ಳಿಯ ಗುರು, ಪಾಪನಿವೇದನೆಯ ಪೀಠದಲ್ಲಿ ದಿನವಿಡೀ ಕುಳಿತಿರುತ್ತಿದ್ದ ಮಹಾನುಭಾವರು, ಧರ್ಮಕೇಂದ್ರದ ಗುರುಗಳ ಪಾಲಕ ಸಂತರು. ಇಷ್ಟನ್ನು ಧರ್ಮೋಪದೇಶದ ತರಗತಿಯ ಮಕ್ಕಳೂ ಹೇಳಬಲ್ಲರು. ಆ ಸಂತರು ನೆಪೋಲಿಯನ್ನನ ಸೇನೆಗೆ ಹಾಜರಾಗದೆ ಹದಿನಾಲ್ಕು ತಿಂಗಳಷ್ಟು ಕಾಲ ತಲೆಮರೆಸಿಕೊಂಡಿದ್ದರೆಂಬುದು, ಅವರನ್ನು ಬಚ್ಚಿಟ್ಟವನು ಸ್ವತಃ ಆ ಊರಿನ ಮೇಯರನೆಂಬುದು ಹಿರಿಯರಲ್ಲೂ ಬಹುಮಂದಿಗೆ ತಿಳಿಯದು.

ವಿಯಾನ್ನಿ 1786ರಲ್ಲಿ ಲಿಯೋನ್ ನಗರದ ಬಳಿಯ ದಾರ್ದಿಯಿ ಗ್ರಾಮದಲ್ಲಿ ರೈತ ಮನೆತನದಲ್ಲಿ ಜನಿಸಿದರು. ಗುರುವಾಗಬೇಕೆಂದು ಓದುತ್ತಿದ್ದಾಗಲೇ, 1809ರಲ್ಲಿ ಅವರಿಗೆ ಸೇನೆಯ ಕರೆ ಬಂದಿತು. ಗುರುಮಠದ ವಿದ್ಯಾರ್ಥಿಗಳಿಗೆ ವಿನಾಯಿತಿಯಿದ್ದರೂ ಇವರ ಹೆಸರು ಆ ಪಟ್ಟಿಯಲ್ಲಿ ಸೇರಿರಲಿಲ್ಲ. ಕಚೇರಿಯ ಕಡತಗಳು ಅಂದಿಗೂ ಇಂದಿಗೂ ಒಂದೇ ಎನ್ನಿಸುತ್ತದೆ. ಸ್ಪೇನ್ ದೇಶದ ಯುದ್ಧಕ್ಕೆ ಜನ ಬೇಕಾಗಿತ್ತು. ಲಿಯೋನಿನಲ್ಲಿ ಹಾಜರಾದ ಕೆಲವೇ ದಿನಗಳಲ್ಲಿ ವಿಯಾನ್ನಿ ಜ್ವರದಿಂದ ಆಸ್ಪತ್ರೆ ಸೇರಿದರು. ರೋಆನ್ ಎಂಬ ಪಟ್ಟಣಕ್ಕೆ ಕಳುಹಿಸಿದರೆ ಅಲ್ಲಿಯೂ ಕಾಯಿಲೆ. 1810ರ ಜನವರಿಯಲ್ಲಿ ದಳದೊಂದಿಗೆ ಹೊರಡಬೇಕಾದ ದಿನ, ದಾರಿಯಲ್ಲಿ ದೇವಾಲಯವೊಂದನ್ನು ಹೊಕ್ಕು ಪ್ರಾರ್ಥನೆಯಲ್ಲಿ ಹೊತ್ತು ಮರೆತರು. ಕಚೇರಿಗೆ ಬಂದಾಗ ದಳ ಹೊರಟುಹೋಗಿತ್ತು. ಅದನ್ನು ಸೇರಲೆಂದು ಚಳಿಯಲ್ಲಿ ಬೆಟ್ಟದ ದಾರಿ ಹಿಡಿದ ಬಡಕಲು ಯುವಕನಿಗೆ ಒಬ್ಬ ಅಪರಿಚಿತ ಜೊತೆಯಾದ. ಚೀಲವನ್ನು ತಾನೇ ಹೊತ್ತ. ಕರೆದೊಯ್ದದ್ದು ಮಾತ್ರ ದಳದ ಬಳಿಗಲ್ಲ, ಲೆ ನೋಎ ಎಂಬ ಬೆಟ್ಟದ ಹಳ್ಳಿಗೆ.

ಆ ಹಳ್ಳಿಯ ಮೇಯರ್ ಪೌಲ್ ಫಯೋ ಒಬ್ಬ ರೈತ. ಸರ್ಕಾರದ ಪ್ರತಿನಿಧಿಯಾಗಿ, ಓಡಿಹೋದ ಸೈನಿಕರನ್ನು ಹಿಡಿದುಕೊಡುವುದು ಅವನ ಕರ್ತವ್ಯ. ಅವನು ಮಾಡಿದ್ದೇ ಬೇರೆ. ಈಗ ಹಿಂತಿರುಗಿದರೂ ನೀನು ಓಡಿಹೋದವನೆಂದೇ ಶಿಕ್ಷೆ ಕೊಡುತ್ತಾರೆ, ಇಲ್ಲಿಯೇ ಇರು ಎಂದು ಧೈರ್ಯ ಹೇಳಿ, ಜೆರೋಮ್ ವಿನ್ಸೆಂಟ್ ಎಂಬ ಹೊಸ ಹೆಸರಿಟ್ಟು, ತನ್ನ ಬಂಧುವಾದ ಕ್ಲೋಡಿನ್ ಫಯೋ ಎಂಬ ವಿಧವೆಯ ಮನೆಯಲ್ಲಿ ಇರಿಸಿದ. ಆಕೆಗೆ ನಾಲ್ವರು ಮಕ್ಕಳು. ವಿಯಾನ್ನಿ ದನದ ಕೊಟ್ಟಿಗೆಯಲ್ಲಿ ಮಲಗಿದರು, ಹೊಲದಲ್ಲಿ ದುಡಿದರು, ಊರಿನ ಮಕ್ಕಳಿಗೆ ಓದು ಕಲಿಸಿದರು. ಪೊಲೀಸರು ಶೋಧಿಸಲು ಬಂದಾಗ ಹುಲ್ಲಿನ ರಾಶಿಯೊಳಗೆ ಅಡಗಿದ್ದು, ಕತ್ತಿಯ ಮೊನೆ ಮೈಗೆ ತಾಗಿದರೂ ಉಸಿರೆತ್ತಲಿಲ್ಲವೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಇಡೀ ಹಳ್ಳಿಗೆ ವಿಷಯ ತಿಳಿದಿತ್ತು; ಯಾರೂ ಬಾಯಿ ಬಿಡಲಿಲ್ಲ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ವಿಯಾನ್ನಿ ಯುದ್ಧವನ್ನು ಆತ್ಮಸಾಕ್ಷಿಯ ಕಾರಣದಿಂದ ಧಿಕ್ಕರಿಸಿದರೆಂದು ಹೇಳಲು ಆಧಾರವಿಲ್ಲ. ಕಾಯಿಲೆ, ಪ್ರಾರ್ಥನೆ, ದಾರಿ ತಪ್ಪಿಸಿದ ಅಪರಿಚಿತ, ಇವೆಲ್ಲ ಸೇರಿ ಅವರನ್ನು ಅಲ್ಲಿಗೆ ತಂದವು. ಅವರು ಗುರುವಾಗಬೇಕೆಂದಿದ್ದರು, ಅಷ್ಟೇ. ಇನ್ನೊಂದು ಮಾತನ್ನು ಭಕ್ತಿಯ ಪುಸ್ತಕಗಳು ಬೇಗ ದಾಟಿಬಿಡುತ್ತವೆ. 1810ರಲ್ಲಿ ನೆಪೋಲಿಯನ್ ತನ್ನ ಎರಡನೆಯ ವಿವಾಹದ ಸಂದರ್ಭದಲ್ಲಿ ಓಡಿಹೋದವರಿಗೆ ಕ್ಷಮೆ ನೀಡಿದ. ಆದರೆ ವಿಯಾನ್ನಿಯವರ ಲೆಕ್ಕ ಚುಕ್ತಾ ಆದದ್ದು ಅವರ ತಮ್ಮ ಫ್ರಾನ್ಸಿಸ್ ಸೇನೆಗೆ ಸೇರಿದ ಮೇಲೆಯೇ. ಆ ತಮ್ಮ ಮನೆಗೆ ಮರಳಲಿಲ್ಲವೆಂದು ಜೀವನಚರಿತ್ರೆಗಳು ಹೇಳುತ್ತವೆ. 1811ರ ಆರಂಭದಲ್ಲಿ ಅಣ್ಣ ಮನೆಗೆ ಬಂದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ಒಬ್ಬ ಮಗನನ್ನು ಊರು ಬಚ್ಚಿಟ್ಟಿತು, ಇನ್ನೊಬ್ಬನನ್ನು ಸೇನೆ ಕೊಂಡೊಯ್ದಿತು. ಈ ಕಥೆಯನ್ನು ಕೇಳುವಾಗಲೆಲ್ಲ ನಮ್ಮ ಮನಸ್ಸು ಆರ್ಸಿನ ಗುರುವಿಗಿಂತ ಆ ತಾಯಿಯ ಸುತ್ತಲೇ ಹೆಚ್ಚು ಸುಳಿಯುತ್ತದೆ.

ಆತ್ಮಸಾಕ್ಷಿಯ ಹೆಸರಿನಲ್ಲಿ ಸ್ಪಷ್ಟವಾಗಿ 'ಒಲ್ಲೆ' ಎಂದವರು ಬೇರೆ ಇದ್ದಾರೆ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕದ ತೆಬೆಸ್ಸಾದಲ್ಲಿ, ಸೈನಿಕನ ಮಗನಾದ ಇಪ್ಪತ್ತೊಂದರ ಹರೆಯದ ಮ್ಯಾಕ್ಸಿಮಿಲಿಯನ್ ರೋಮನ್ ಸೇನೆಯನ್ನು ಸೇರಲೊಪ್ಪದೆ ರಕ್ತಸಾಕ್ಷಿಯಾದ. ಸೈನಿಕರ ಪಾಲಕರೆಂದು ಪೂಜ್ಯರಾದ ಟೂರ್ಸಿನ ಸಂತ ಮಾರ್ಟಿನರೇ ಯುದ್ಧದ ಹಿಂದಿನ ದಿನ ಆಯುಧವನ್ನು ಕೆಳಗಿಟ್ಟು ಸೆರೆ ಕಂಡವರು. ಆದರೆ ನಮ್ಮ ಕಾಲಕ್ಕೆ ಹತ್ತಿರದ ಸಾಕ್ಷಿ ಆಸ್ಟ್ರಿಯ ದೇಶದ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್. ಅವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಅಲ್ಲಿಯೂ ಒಂದು ಗ್ರಾಮ ಪಂಚಾಯತಿಯ ಪಾತ್ರವಿದೆ.

ಫ್ರಾನ್ಸ್ ಇದ್ದದ್ದು ಸಂತ ರಾಡೆಗುಂಡ್ ಎಂಬ ಹಳ್ಳಿಯಲ್ಲಿ. ಪತ್ನಿ ಫ್ರಾನ್ಸಿಸ್ಕಾ, ಮೂವರು ಪುಟ್ಟ ಹೆಣ್ಣುಮಕ್ಕಳು, ದನಕರು, ಹೊಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ಜರ್ಮನಿಗೆ ಸೇರಿಸಿಕೊಂಡಾಗ ನಡೆದ ಮತದಾನದಲ್ಲಿ ಆ ಹಳ್ಳಿಯಲ್ಲಿ ವಿರುದ್ಧ ಮತ ಹಾಕಿದವರು ಇವರೊಬ್ಬರೇ. ಹಳ್ಳಿಯ ಮೇಯರ್ ಪದವಿಯನ್ನು ಕೊಡುತ್ತೇವೆಂದರೂ ಒಲ್ಲೆನೆಂದರು. 1940ರಲ್ಲಿ ಎರಡು ಸಲ ಸೇನೆಗೆ ಕರೆ ಬಂತು. ಎರಡು ಸಲವೂ ಅವರನ್ನು ಬಿಡಿಸಿ ಮನೆಗೆ ತಂದದ್ದು ಊರಿನ ಆಡಳಿತವೇ. ಬೇಸಾಯಕ್ಕೆ ಈತ ಅನಿವಾರ್ಯವೆಂಬ ಕೋರಿಕೆ ಹಳ್ಳಿಯಿಂದ ಹೋಯಿತು. 1941ರ ಏಪ್ರಿಲ್‌ನಿಂದ ಸುಮಾರು ಎರಡು ವರ್ಷ ಆ ಕಾಗದದ ಬಲದಿಂದ ಅವರು ತಮ್ಮ ಮನೆಯಲ್ಲಿದ್ದರು, ದೇವಾಲಯದ ಪರಿಚಾರಕರಾಗಿ ದಿನವೂ ಪೂಜೆಗೆ ಗಂಟೆ ಹೊಡೆದರು. ಆತ್ಮಸಾಕ್ಷಿ ಎಂಬ ಪದ ಆ ಕೋರಿಕೆಯಲ್ಲಿ ಇದ್ದಿರಲಾರದು. ಉಳುವ ಕೈ ಬೇಕು ಎಂಬ ಸಾದಾ ಮಾತೇ ಒಬ್ಬನನ್ನು ಅಷ್ಟು ಕಾಲ ಉಳಿಸಿತು.

1943ರ ಫೆಬ್ರವರಿಯಲ್ಲಿ ಮೂರನೆಯ ಕರೆ ಬಂದಾಗ ಆ ಆಸರೆ ಸಾಲದಾಯಿತು. ಮಾರ್ಚ್ ಮೊದಲ ವಾರದಲ್ಲಿ ಹಾಜರಾಗಿ, ಈ ಯುದ್ಧದಲ್ಲಿ ಆಯುಧ ಹಿಡಿಯಲಾರೆನೆಂದು ತಿಳಿಸಿದರು. ಗಾಯಾಳುಗಳ ಶುಶ್ರೂಷೆಯ ಕೆಲಸ ಕೊಟ್ಟರೆ ಮಾಡುತ್ತೇನೆಂದರೂ ಒಪ್ಪಲಿಲ್ಲ. ಅವರಿಗೆ ಬುದ್ಧಿ ಹೇಳದವರಿಲ್ಲ. ಸ್ವತಃ ಲಿಂಜ್ ನಗರದ ಧರ್ಮಾಧ್ಯಕ್ಷರು, ಸಂಸಾರಸ್ಥನಾದ ನಿನಗೆ ಯುದ್ಧ ನ್ಯಾಯವೋ ಅನ್ಯಾಯವೋ ಎಂದು ತೀರ್ಮಾನಿಸುವ ಹೊಣೆಯಿಲ್ಲವೆಂಬ ಅರ್ಥದ ಸಲಹೆ ನೀಡಿದ್ದರು. ಜುಲೈ 6ರಂದು ಬರ್ಲಿನ್ನಿನ ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು; 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಅವರ ಶಿರಚ್ಛೇದವಾಯಿತು. ಯುದ್ಧ ಮುಗಿದ ಮೇಲೂ ಆ ವಿಧವೆಗೆ ಹಲವು ವರ್ಷ ಪಿಂಚಣಿ ದೊರೆಯಲಿಲ್ಲ. ಊರಿನವರಲ್ಲಿ ಕೆಲವರು ಆಕೆಯತ್ತ ಮುಖ ತಿರುಗಿಸಿದ್ದೂ ಉಂಟು. ಬರ್ಲಿನ್ನಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿದ್ದು 1997ರಲ್ಲಿ. 2007ರ ಅಕ್ಟೋಬರ್ 26ರಂದು ಲಿಂಜ್ ಪ್ರಧಾನಾಲಯದಲ್ಲಿ ಅವರನ್ನು ಪುನೀತರೆಂದು ಘೋಷಿಸಿದಾಗ ತೊಂಬತ್ತು ದಾಟಿದ ಫ್ರಾನ್ಸಿಸ್ಕಾ ಆ ಪೂಜೆಯಲ್ಲಿ ಕುಳಿತಿದ್ದರು. ಆಕೆ 2013ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಪ್ರಭುವಿನಲ್ಲಿ ನಿದ್ರಿಸಿದರು.

ಧರ್ಮಾಧ್ಯಕ್ಷರ ಸಲಹೆಗೂ ಪುನೀತ ಘೋಷಣೆಗೂ ನಡುವೆ ಧರ್ಮಸಭೆಯ ಬೋಧನೆಯಲ್ಲಿ ಒಂದು ಹೆಜ್ಜೆ ಮುಂದಾಗಿತ್ತು. 1965ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಶಾಸನದ 79ನೆಯ ಪರಿಚ್ಛೇದದಲ್ಲಿ, ಆತ್ಮಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರಿಗೆ ಕಾನೂನುಗಳು ಮಾನವೀಯ ಏರ್ಪಾಡು ಮಾಡುವುದು ಯುಕ್ತವೆಂದು ಹೇಳಿತು. ಆದರೆ ಅವರು ಬೇರೊಂದು ರೀತಿಯಲ್ಲಿ ಸಮಾಜಕ್ಕೆ ಸೇವೆ ಸಲ್ಲಿಸಲು ಸಿದ್ಧರಿರಬೇಕು. ಅದೇ ಪರಿಚ್ಛೇದ, ದೇಶದ ರಕ್ಷಣೆಗಾಗಿ ಸೇನೆಯಲ್ಲಿ ದುಡಿಯುವವರನ್ನು ಜನರ ಭದ್ರತೆ ಹಾಗೂ ಸ್ವಾತಂತ್ರ್ಯದ ಸೇವಕರೆಂದು ಗೌರವಿಸುತ್ತದೆ. ಈ ಎರಡನ್ನೂ ಒಟ್ಟಿಗೇ ಓದಬೇಕು. ಒಂದನ್ನು ಮಾತ್ರ ಎತ್ತಿಕೊಂಡು ವಾದಿಸುವವರು ನಮ್ಮ ಕುಟುಂಬ ಕೂಟಗಳಲ್ಲಿ ಎರಡು ಕಡೆಯೂ ಇದ್ದಾರೆ. ಧರ್ಮೋಪದೇಶ ಗ್ರಂಥದ 2310, 2311ನೆಯ ಅಂಕಗಳಲ್ಲಿಯೂ ಇದೇ ಜೋಡಿ ಮಾತುಗಳಿವೆ.

ಹಳೆಯ ಒಡಂಬಡಿಕೆಯಲ್ಲಿ ಇದಕ್ಕೊಂದು ಅಚ್ಚರಿಯ ಪೂರ್ವಸೂಚನೆಯಿದೆ. ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಲ್ಲಿ ಯುದ್ಧಕ್ಕೆ ಹೊರಡುವ ಮುನ್ನ ಅಧಿಕಾರಿಗಳು ದಂಡಿನ ಮುಂದೆ ನಿಂತು, ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡದವನು, ದ್ರಾಕ್ಷಿತೋಟ ಹಾಕಿ ಫಲ ಉಣ್ಣದವನು, ನಿಶ್ಚಿತಾರ್ಥವಾಗಿ ಮದುವೆಯಾಗದವನು ಮನೆಗೆ ಹೋಗಬಹುದೆಂದು ಸಾರಬೇಕು. ಕೊನೆಯಲ್ಲಿ, ಎದೆಗುಂದಿದವನೂ ಹೋಗಬಹುದು. ಆ ಕೊನೆಯವನಿಗೆ ಶಿಕ್ಷೆಯ ಮಾತಿಲ್ಲ. ಅವನ ಭಯ ಜೊತೆಗಾರರಿಗೂ ಹರಡೀತೆಂಬ ಎಚ್ಚರವಷ್ಟೇ ಇದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಕಡ್ಡಾಯ ಸೈನಿಕ ಸೇವೆಯಿಲ್ಲ. ಸೇರುವವರು ಸ್ವಇಚ್ಛೆಯಿಂದ ಸೇರುತ್ತಾರೆ. ಆದ್ದರಿಂದಲೇ 'ಒಲ್ಲೆ' ಎನ್ನುವ ಹಕ್ಕಿನ ಪ್ರಶ್ನೆ ಇಲ್ಲಿ ಹೆಚ್ಚಾಗಿ ಎದ್ದಿಲ್ಲ. ಜರ್ಮನಿಯಲ್ಲಿ 1949ರ ಸಂವಿಧಾನದ ನಾಲ್ಕನೆಯ ವಿಧಿಯೇ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿಯುವ ಯುದ್ಧಸೇವೆಗೆ ಬಲವಂತಪಡಿಸಲಾಗದೆಂದು ಹೇಳುತ್ತದೆ. ನಮ್ಮಲ್ಲಿ ಸಂವಿಧಾನದ 25ನೆಯ ವಿಧಿ ಆರಂಭವಾಗುವುದೇ ಆತ್ಮಸಾಕ್ಷಿಯ ಸ್ವಾತಂತ್ರ್ಯದಿಂದ. ಕೇರಳದಲ್ಲಿ ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಿದಾಗ, 1986ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮಕ್ಕಳ ಪರವಾಗಿ ತೀರ್ಪಿತ್ತಿತು. ಆದರೆ ಸೇನೆಯ ಅಂಗಳದಲ್ಲಿ ಈ ಸ್ವಾತಂತ್ರ್ಯ ಬಹಳ ಕಿರಿದು. ಸಂವಿಧಾನದ 33ನೆಯ ವಿಧಿ, ಸೈನಿಕರಿಗೆ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಬಹುದೆಂದು ನಿರ್ಧರಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ದಳದ ಪೂಜಾಸ್ಥಳದ ಗರ್ಭಗುಡಿಯನ್ನು ಪ್ರವೇಶಿಸಲು ಒಪ್ಪದ ಕ್ರೈಸ್ತ ಅಧಿಕಾರಿಯೊಬ್ಬರ ವಜಾ ಆದೇಶವನ್ನು 2025ರ ಮೇ ತಿಂಗಳಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ, ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದವು. ಆತ ಕಾದಾಡಲು ಒಲ್ಲೆನೆಂದವರಲ್ಲ.

ಕಾದಲು ಒಲ್ಲದವರ ಪಾಡು ಇನ್ನೂ ಕಠಿಣ. 1950ರ ಭೂಸೇನಾ ಕಾಯಿದೆಯ 38ನೆಯ ಪ್ರಕರಣದಂತೆ, ಸಕ್ರಿಯ ಸೇವೆಯಲ್ಲಿರುವಾಗ ಅಥವಾ ಅದಕ್ಕೆ ಆದೇಶವಾದಾಗ ಓಡಿಹೋದರೆ ಮರಣದಂಡನೆಯವರೆಗೂ ಶಿಕ್ಷೆಯಾಗಬಹುದು. ಇತರ ಸಂದರ್ಭಗಳಲ್ಲಿ ಏಳು ವರ್ಷದವರೆಗೆ ಸೆರೆವಾಸ. ಆತ್ಮಸಾಕ್ಷಿಯ ನಿರಾಕರಣೆಗೆಂದು ಪ್ರತ್ಯೇಕ ಬಾಗಿಲು ಅದರಲ್ಲಿಲ್ಲ. ನಮ್ಮ ಚರಿತ್ರೆಯ ಅತಿ ಪ್ರಸಿದ್ಧ ನಿರಾಕರಣೆಯೂ ಹೀಗೆಯೇ ಕೊನೆಗೊಂಡಿತು. 1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲೊಲ್ಲದ ಗಢವಾಲಿ ಸೈನಿಕರ ನಾಯಕ ಚಂದ್ರಸಿಂಗ್ ಗಢವಾಲಿಗೆ ಜೀವಾವಧಿ ಶಿಕ್ಷೆಯಾಯಿತು. 1941ರವರೆಗೆ ಅವರು ಸೆರೆಯಲ್ಲಿದ್ದರು. ಅಹಿಂಸೆಯ ಗಾಂಧೀಜಿಯವರೇ, ಸೈನಿಕನಾಗಿ ಪ್ರಮಾಣ ಮಾಡಿದವನು ಆಜ್ಞೆ ಮೀರಿದರೆ ಮಾತು ಮುರಿದಂತೆ ಎಂಬ ಅಭಿಪ್ರಾಯವನ್ನು ಫ್ರೆಂಚ್ ಪತ್ರಕರ್ತನೊಬ್ಬನ ಮುಂದೆ ವ್ಯಕ್ತಪಡಿಸಿದರು. ಇದು ಹಲವರನ್ನು ನೋಯಿಸಿತು. ನಮಗೂ ಅದನ್ನು ಪೂರ್ತಿ ಒಪ್ಪಲಾಗದು. ಆದರೆ ಕೊಟ್ಟ ಮಾತು ಹಗುರವಲ್ಲವೆಂಬ ಅವರ ಆತಂಕವನ್ನು ತಳ್ಳಿಹಾಕಲೂ ಆಗದು.

ಹಾಗಾದರೆ ಪಾಲಿಕೆ, ನಗರಸಭೆಗಳು? ದೇಶದ ರಕ್ಷಣೆ, ಸೇನೆ ಇವು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ ಮೊತ್ತಮೊದಲ ಬಾಬ್ತುಗಳು. 1993ರ ಜೂನ್ 1ರಿಂದ ಜಾರಿಗೆ ಬಂದ 74ನೆಯ ತಿದ್ದುಪಡಿಯ ಮೂಲಕ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಹದಿನೆಂಟು ವಿಷಯಗಳಿವೆ: ನೀರು, ರಸ್ತೆ, ಬೀದಿದೀಪ, ಸ್ಮಶಾನ ಇತ್ಯಾದಿ. ಸೈನಿಕ ಅವುಗಳಲ್ಲೆಲ್ಲೂ ಬರುವುದಿಲ್ಲ. ಬರ್ಕ್ಲಿಯ ನಗರಸಭೆಗೆ ತನ್ನದೇ ಪೊಲೀಸರಿದ್ದರು. ಆದ್ದರಿಂದ ಅವರನ್ನು ತಡೆಯಬಲ್ಲುದಾಯಿತು. 2007ರಲ್ಲಿ ಮಹಾನಗರ ಪಾಲಿಕೆಯಾದ ದಾವಣಗೆರೆಗೆ ಅಂತಹ ಪೊಲೀಸರಿಲ್ಲ. ನಮ್ಮ ಪೊಲೀಸರು ರಾಜ್ಯದವರು. ಊರಿನ ಆಡಳಿತ ಮೇಲಿನ ಅಧಿಕಾರಕ್ಕೆ ಎದುರು ನಿಂತ ಕಥೆ ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ಎಲ್ಲೆಯೊಳಗೇ ಒಂದಿದೆ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಪೊಲೀಸ್ ಅಧಿಕಾರಿಗಳನ್ನಾಗಿ ಮಾಡಿಕೊಂಡಿತ್ತು. ಅಲ್ಲಿ ರಕ್ತ ಹರಿಯಿತು. ಯೇಗರ್‌ಸ್ಟೆಟರ್ ಸೆರೆ ಸೇರಿದ 1943ರ ಅದೇ ಮಾರ್ಚ್ ತಿಂಗಳಲ್ಲಿ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಿದರು. ಅದು ಸೈನಿಕರ ಆಶ್ರಯದ ಕಥೆಯಲ್ಲ, ಅಹಿಂಸೆಯ ಕಥೆಯೂ ಅಲ್ಲ. ಒಂದು ಊರು 'ಇಲ್ಲ' ಎಂದರೆ ತೆರಬೇಕಾದ ಬೆಲೆಯೇನೆಂದು ತಿಳಿಯಲಷ್ಟೇ ಅದನ್ನು ನೆನೆದೆವು.

ಇಷ್ಟೆಲ್ಲವನ್ನೂ ಹೊತ್ತು ನಾವು ಆ ತಾಯಿಯನ್ನು ಮತ್ತೆ ಕಂಡೆವು. ಹರಿಹರದ ಕ್ಷೇತ್ರ ಆರೋಗ್ಯಮಾತೆಯದು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಅದನ್ನು ಕಿರಿಯ ಬೆಸಿಲಿಕದ ಪದವಿಗೇರಿಸಿದರು. ಅದೇ ಊರಿನಲ್ಲಿ ತುಂಗಭದ್ರೆಯ ದಡದ ಹರಿಹರೇಶ್ವರ ದೇಗುಲವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ, ಯುದ್ಧವೇ ವೃತ್ತಿಯಾಗಿದ್ದವನು. ಬೆಸಿಲಿಕದ ಗೋಡೆಗಳಿಗೆ ಓಡಿಬಂದವನನ್ನು ಕಾನೂನಿನಿಂದ ಕಾಯುವ ಬಲವಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ದೇವಾಲಯಗಳಿಗಿದ್ದ ಆಶ್ರಯದ ಹಕ್ಕು ಇಲ್ಲಿಲ್ಲ. ಇದನ್ನು ನಾವು ಆಕೆಗೆ ಮರೆಮಾಚದೆ ಹೇಳಿದೆವು.

ಮಾಡಬಹುದಾದದ್ದನ್ನೂ ಹೇಳಿದೆವು. ಮಗ ಯಾವ ಕಾರಣಕ್ಕೂ ರಜೆ ಮುಗಿದ ಮೇಲೆ ಮನೆಯಲ್ಲಿ ಉಳಿಯಕೂಡದು. ಓಡಿಹೋಗುವುದು ಆತ್ಮಸಾಕ್ಷಿಯ ಮಾತನ್ನೇ ಮುಚ್ಚಿಹಾಕುತ್ತದೆ. ಇತರ ಸೈನಿಕರು ಸ್ವಂತ ಕೋರಿಕೆಯ ಮೇಲೆ ಬಿಡುಗಡೆ ಕೇಳಲು 1954ರ ಭೂಸೇನಾ ನಿಯಮಗಳಲ್ಲಿ ಅವಕಾಶವಿದೆ. ಅಗ್ನಿವೀರರಿಗೆ ನಾಲ್ಕು ವರ್ಷ ಮುಗಿಯುವ ಮುನ್ನ ಅದು ಸಾಮಾನ್ಯವಾಗಿ ಇಲ್ಲ; ಅತ್ಯಂತ ಅಸಾಧಾರಣ ಸಂದರ್ಭದಲ್ಲಿ ಮಾತ್ರ ಸಕ್ಷಮ ಅಧಿಕಾರಿ ಒಪ್ಪಬಹುದು. ಆದರೂ ತನ್ನ ಸಂಕಟವನ್ನು ದಳದ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಶುಶ್ರೂಷೆ, ಅಡುಗೆ, ಉಗ್ರಾಣ, ವಾಹನ ಮುಂತಾದ ಬೇರೆ ಕೆಲಸವನ್ನು ಕೇಳಿಕೊಳ್ಳುವುದನ್ನು ಯಾರೂ ಅಪರಾಧವೆನ್ನರು. ಕೊಟ್ಟೇ ಕೊಡುತ್ತಾರೆಂಬ ಭರವಸೆ ನಾವು ನೀಡಲಾರೆವು. ಕಾನೂನಿನ ಸಲಹೆ ಬೇಕಾದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದಂತೆ ಯಾವ ಮಹಿಳೆಯಾದರೂ ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹಳು. ಜಿಲ್ಲಾ ಪ್ರಾಧಿಕಾರ ದಾವಣಗೆರೆಯಲ್ಲೇ ಇದೆ. ಧರ್ಮಕೇಂದ್ರದ ಗುರುಗಳೊಂದಿಗೆ ಮಗ ತಾನೇ ಮಾತನಾಡಲಿ ಎಂದೂ ಸೂಚಿಸಿದೆವು. ಏಕೆಂದರೆ ಅವನ ಮನದಲ್ಲಿರುವುದು ಆತ್ಮಸಾಕ್ಷಿಯೋ, ಮೊದಲ ವರ್ಷದ ಭಯವೋ, ಮನೆಯ ನೆನಪೋ ಎಂಬುದನ್ನು ತಾಯಿಯೂ ನಾವೂ ಹರಿಹರದಲ್ಲಿ ಕುಳಿತು ತೀರ್ಮಾನಿಸಲಾರೆವು.

ಪಾಲಿಕೆಯ ವಿಚಾರದಲ್ಲಿ ಒಂದು ಮಾತನ್ನು ಉಳಿಸಿಕೊಂಡಿದ್ದೆವು. ಸಂತ ರಾಡೆಗುಂಡಿನವರು ಮಾಡಿದಂತೆ, ಈ ಮನೆಗೆ ಈ ಮಗನ ದುಡಿಮೆ ಬೇಕೆಂದು ವಾರ್ಡಿನ ಸದಸ್ಯರೊಬ್ಬರು ಕಾಗದ ಬರೆಯುವುದನ್ನು ಯಾವ ಅನುಸೂಚಿಯೂ ತಡೆಯುವುದಿಲ್ಲ. ಅದಕ್ಕೆ ಕಾನೂನಿನ ಬಲವಿಲ್ಲ. ಅಲ್ಲಿಯೂ ಇದ್ದದ್ದು ಕೋರಿಕೆಯ ಬಲವೇ ಹೊರತು ಆಜ್ಞೆಯ ಬಲವಲ್ಲ. ಆ ತಾಯಿ ಕಾಗದದ ಮಾತನ್ನು ಗಮನವಿಟ್ಟು ಕೇಳಿದರು.

ಆಮೇಲೆ ಅವರು ಕೊನೆಯ ಪ್ರಶ್ನೆ ಕೇಳಿದರು: ಅವನು ಓಡಿಯೇ ಬಂದರೆ, ನಾನು ಬಾಗಿಲು ತೆರೆದರೆ, ನನಗೇನಾಗುತ್ತದೆ? ನಾವು ಕಾನೂನನ್ನು ನೋಡಿ ಬಂದಿದ್ದೆವು. ಓಡಿಬಂದ ಸೈನಿಕನೆಂದು ತಿಳಿದೂ ಆಶ್ರಯ ಕೊಟ್ಟವರಿಗೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ದಂಡ, ಇಲ್ಲವೇ ಎರಡೂ. 1860ರ ಭಾರತೀಯ ದಂಡ ಸಂಹಿತೆಯ 136ನೆಯ ಪ್ರಕರಣದಲ್ಲಿ ಇದಕ್ಕೆ ಒಂದೇ ವಿನಾಯಿತಿಯಿತ್ತು: ಗಂಡನನ್ನು ಬಚ್ಚಿಟ್ಟ ಹೆಂಡತಿಗೆ ಶಿಕ್ಷೆಯಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 164ನೆಯ ಪ್ರಕರಣದಲ್ಲಿಯೂ ಆ ವಿನಾಯಿತಿ ಸಂಗಾತಿಗೆ ಉಳಿದಿದೆ. ತಾಯಿಯ ಹೆಸರು ಅಂದೂ ಇರಲಿಲ್ಲ, ಇಂದೂ ಇಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗಿನ್ನೂ ಮದುವೆಯೇ ಆಗಿಲ್ಲವಲ್ಲ" ಎಂದರು. ಬಳಿಕ ಚೀಲದಿಂದ ಎರಡು ಮೇಣದ ಬತ್ತಿಗಳನ್ನು ತೆಗೆದುಕ��ಂಡು ಒಳಗೆ ಹೋದರು. ದಾವಣಗೆರೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.